ಪ್ರಾರ್ಥನೆಯ ಹಾಳೆಯಲ್ಲಿ ‘ಕಥೋಲಿಕ’ ಅಂತ ಹಾಕುವುದಾ, ‘ಸಾರ್ವತ್ರಿಕ’ ಅಂತ ಹಾಕುವುದಾ?

ಬೇಳದವ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆದೀತು, ಪುರುಸೊತ್ತು ಇದ್ದವರು ಓದಿ.

ನನ್ನ ಅಕ್ಕನ ಮಗಳಿಗೆ ಮದುವೆ ನಿಶ್ಚಯ ಆಗಿದೆ. ನಾವು ಬೇಳ ಇಗರ್ಜಿಯ ಕೊಂಕಣಿ ಕಥೋಲಿಕರು. ಹುಡುಗ ಕಾಸರಗೋಡು ಪೇಟೆಯವ, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಅನ್ನುವ ಪ್ರೊಟೆಸ್ಟಂಟ್ ಸಭೆಯವ, ಅಜ್ಜನ ಕಾಲದಿಂದ ಬಾಸೆಲ್ ಮಿಷನ್‌ನವರು. ಅವರ ಮನೆಮಾತು ತುಳು, ಪ್ರಾರ್ಥನೆ ಎಲ್ಲ ಕನ್ನಡದಲ್ಲಿ. ಮದುವೆ ನಮ್ಮ ಇಗರ್ಜಿಯಲ್ಲಿ, ಬಿಷಪರ ಅನುಮತಿ ಸಿಕ್ಕಿದೆ. ಅದಕ್ಕೆ ಮೊದಲು ಬರುವ ಶನಿವಾರ ಸಂಜೆ ಎರಡೂ ಕಡೆಯವರು ನಮ್ಮ ಮನೆಯಲ್ಲಿ ಕೂತು ಒಂದು ಪ್ರಾರ್ಥನೆ ಮಾಡುವುದು ಅಂತ ಮಾತಾಯಿತು. ಕನ್ನಡದಲ್ಲಿ ಹಾಳೆ ಪ್ರಿಂಟ್ ಮಾಡಿಸುವ ಕೆಲಸ ನನ್ನ ತಲೆಗೆ ಬಂತು.

‘ಪರಲೋಕದಲ್ಲಿರುವ ನಮ್ಮ ತಂದೆಯೇ’ಗೆ ತಕರಾರಿಲ್ಲ. ನಾವು ನಂಬುವುದನ್ನೆಲ್ಲ ಒಟ್ಟಾಗಿ ಹೇಳುವ ವಿಶ್ವಾಸ ಪ್ರಮಾಣವೂ ಮುಕ್ಕಾಲು ಪಾಲು ಸಲೀಸು. ಕೊನೆಗೆ ಒಂದು ಪದದಲ್ಲಿ ಗಾಡಿ ನಿಂತಿದೆ. ನಮ್ಮ ಪುಸ್ತಕದಲ್ಲಿ ‘ಪವಿತ್ರ ಕಥೋಲಿಕ ಧರ್ಮಸಭೆ’. ಅವರ ಪುಸ್ತಕದಲ್ಲಿ ‘ಪರಿಶುದ್ಧ ಸಾರ್ವತ್ರಿಕ ಸಭೆ’. ಹುಡುಗನ ದೊಡ್ಡಪ್ಪ ಫೋನ್ ಮಾಡಿ, “ಕಥೋಲಿಕ ಅಂತ ಹಾಕಿದರೆ ನಮ್ಮವರು ಆ ಸಾಲಿಗೆ ಬಾಯಿ ಮುಚ್ಚುತ್ತಾರೆ ಮಾರಾಯ್ರೇ” ಅಂದರು. ಅದನ್ನು ತೆಗೆದರೆ ನನ್ನ ಅಮ್ಮ ಹಾಳೆಯನ್ನೇ ಮುಟ್ಟಲಿಕ್ಕಿಲ್ಲ.

ಇನ್ನೊಂದು ಹೇಳಬೇಕು. ನಿಶ್ಚಯದ ದಿನ ಅವರು ಬಂದಾಗ ಕತ್ತಲಾಗಿತ್ತು. ನಮ್ಮ ಮನೆಯಲ್ಲಿ ತೇರ್ಸಿನ ಹೊತ್ತು ತಪ್ಪುವ ಹಾಗಿಲ್ಲ. ಅಮ್ಮ ನೆಂಟರಿದ್ದಾರೆ ಅಂತಲೂ ನೋಡದೆ ಜಪಮಾಲೆ ಹಿಡಿದು ಕೂತೇಬಿಟ್ಟರು. ತೇರ್ಸ್ ಶುರುವಾಗುವುದೇ ಪ್ರೇಷಿತರ ವಿಶ್ವಾಸ ಪ್ರಮಾಣದಿಂದ, ಕೊಂಕಣಿಯಲ್ಲಿ. ಹುಡುಗನ ಅಮ್ಮನಿಗೆ ಕೊಂಕಣಿ ಬರುವುದಿಲ್ಲ, ಸುಮ್ಮನೆ ಕೈ ಮುಗಿದು ಕೂತಿದ್ದರು. ಯೇಸುವಿಗೆ ಶಿಲುಬೆಯ ಶಿಕ್ಷೆ ಕೊಟ್ಟ ರೋಮನ್ ಅಧಿಕಾರಿ ‘ಪಿಲಾತ’ನ ಹೆಸರು ಕಿವಿಗೆ ಬಿದ್ದದ್ದೇ ತಲೆ ಎತ್ತಿದರು. ಅಲ್ಲಿಂದ ಮೆಲ್ಲಗೆ ಕನ್ನಡದಲ್ಲಿ, ನಮ್ಮ ಜೊತೆ ಜೊತೆಗೇ: ಶಿಲುಬೆ, ಸಮಾಧಿ, ಮೂರನೆಯ ದಿನ, ತಂದೆಯ ಬಲಗಡೆ, ಎಲ್ಲ. ನಮ್ಮ ಆಮೆನ್‌ಗಿಂತ ಅವರದು ಒಂದು ಉಸಿರು ಮುಂಚೆ ಮುಗಿಯಿತು. ಆಮೇಲೆ ‘ನಮೋ ಮರಿಯ’ದ ಹೊತ್ತಿಗೆ ಮತ್ತೆ ಮೌನ. ಐವತ್ಮೂರು ಸಲವೂ ಮೌನ. ಆದರೆ ಎದ್ದು ಹೋಗಲಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಯಾವ ಪದ ಹಾಕಲಿ? ಶುಕ್ರವಾರ ಪ್ರೆಸ್‌ಗೆ ಕೊಡಬೇಕು.

ಮಂಜೇಶ್ವರ ಲೋಕಲ್
ಎಲ್ಲ ಸಭೆಯವರೂ ತಕರಾರಿಲ್ಲದೆ ಒಪ್ಪುವ ಒಬ್ಬನೇ ಮನುಷ್ಯ ಪಿಲಾತ ಅಂತಾಯಿತು 😄

ಚಂದ್ರಗಿರಿ ಟೀಚರ್
ಲೋಕಲ್, ನೀನು ತಮಾಷೆಗೆ ಹೇಳಿದ್ದರಲ್ಲಿ ತೂಕ ಉಂಟು. ಪಿಲಾತನ ಹೆಸರನ್ನು ಪ್ರಮಾಣದಲ್ಲಿ ಇಟ್ಟದ್ದು ಗೌರವಕ್ಕಲ್ಲ. ಇದು ಒಂದಾನೊಂದು ಕಾಲದ ಕತೆಯಲ್ಲ, ಇಂಥ ಅಧಿಕಾರಿ ಇದ್ದಾಗ ಇಂಥ ಊರಿನಲ್ಲಿ ನಡೆದದ್ದು ಅಂತ ಗುರುತು ಹಾಕಲಿಕ್ಕೆ. ನಮ್ಮ ಹಳೆಯ ಜಮೀನು ಪತ್ರಗಳಲ್ಲಿ ಶಾನುಭೋಗರ ರುಜು ಇರುತ್ತಿತ್ತಲ್ಲ, ಹಾಗೆ.

ಬೇಳದವರೇ, ನಾನು ಸಿಎಸ್‌ಐ, ಮೂವತ್ತು ವರ್ಷ ಕನ್ನಡ ಕಲಿಸಿದವಳು. ಎರಡೂ ಪದ ಒಂದೇ ಪದ. ಗ್ರೀಕಿನ ‘ಕಥೋಲಿಕೋಸ್’ ಅಂದರೆ ಇಡಿಯಾದದ್ದು, ಎಲ್ಲ ಕಡೆಗೂ ಸಲ್ಲುವಂಥದ್ದು. ಅಂತಿಯೋಕ್ಯದ ಬಿಷಪ್ ಇಗ್ನಾಷಿಯಸ್ ಸುಮಾರು ಕ್ರಿ.ಶ. 110ರ ಹೊತ್ತಿಗೆ ಪತ್ರದಲ್ಲಿ ಅದನ್ನು ಬಳಸಿದಾಗ ಕಥೋಲಿಕರು, ಪ್ರೊಟೆಸ್ಟಂಟರು ಅನ್ನುವ ಪಂಗಡ ಎಲ್ಲಿತ್ತು? ನೀವು ಗ್ರೀಕ್ ಪದವನ್ನೇ ಉಳಿಸಿಕೊಂಡಿರಿ, ನಾವು ಅರ್ಥವನ್ನು ಕನ್ನಡಕ್ಕೆ ತಂದೆವು. ಪ್ರೊಟೆಸ್ಟಂಟ್ ಸುಧಾರಕ ಲೂಥರ್ ಧರ್ಮ ಕಲಿಸುವ ಜರ್ಮನ್ ಪ್ರಶ್ನೋತ್ತರ ಪುಸ್ತಕದಲ್ಲಿ ಎರಡನ್ನೂ ಬಿಟ್ಟು ‘ಕ್ರೈಸ್ತ ಸಭೆ’ ಅಂತಲೇ ಹಾಕಿದ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್‌ನವರು ಅದೇ ಜರ್ಮನ್ ಬಾಯಿಪಾಠ ಮಾಡಿದವರ ಮೊಮ್ಮಕ್ಕಳು.

ಹುಡುಗನ ದೊಡ್ಡಪ್ಪನಿಗೆ ಇಷ್ಟು ಹೇಳಿ ನೋಡಿ. ಅವರು ಒಪ್ಪಲಿಕ್ಕಿಲ್ಲ, ನನಗೆ ಗೊತ್ತುಂಟು. ನನ್ನ ಯಜಮಾನರೂ ಒಪ್ಪುತ್ತಿರಲಿಲ್ಲ.

ಉಪ್ಪಳದ ಸಹೋದರ
ಕರ್ತನ ನಾಮದಲ್ಲಿ ವಂದನೆಗಳು. ಬೇಸರ ಮಾಡಬೇಡಿ, ಎರಡು ಮಾತು.

ಮನುಷ್ಯರು ಬರೆದ ಪ್ರಮಾಣ ನಮ್ಮನ್ನು ಒಂದು ಮಾಡಲಾರದು. ಪೌಲನು 1 ಕೊರಿಂಥ 15ರಲ್ಲಿ ‘ನಾನು ಹೊಂದಿದ್ದನ್ನೇ ನಿಮಗೆ ಒಪ್ಪಿಸಿದೆ’ ಅಂತ ಎಣಿಸಿ ಕೊಡುತ್ತಾನೆ: ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎದ್ದುಬಂದನು. ಇದಕ್ಕಿಂತ ಹಳೆಯದು, ಇದಕ್ಕಿಂತ ಗಟ್ಟಿಯಾದದ್ದು ಯಾವುದುಂಟು? ಇದನ್ನು ಹೃದಯದಿಂದ ನಂಬಿದವನು ನನ್ನ ಸಹೋದರ. ಬಾಯಿಪಾಠ ಮಾಡಿದವನು ಅಲ್ಲ.

ಎರಡನೆಯದು ಹೇಳಿದರೆ ಟೀಚರಿಗೆ ಸಿಟ್ಟು ಬಂದೀತು. ಶಿಶುವಿನ ತಲೆಗೆ ನೀರು ಚಿಮುಕಿಸಿದ್ದು ದೀಕ್ಷಾಸ್ನಾನ ಅಲ್ಲ. ಮೊದಲು ನಂಬಿಕೆ, ಆಮೇಲೆ ನೀರು. ನಾನು ಕಥೋಲಿಕ ಮನೆಯಲ್ಲಿ ಹುಟ್ಟಿದವ, ಇಪ್ಪತ್ತಾರನೆಯ ವಯಸ್ಸಿನಲ್ಲಿ ಮುಳುಗಿ ಎದ್ದೆ. ನನ್ನ ತಾಯಿ ಎರಡು ವರ್ಷ ಮಾತಾಡಲಿಲ್ಲ. ಒಗ್ಗಟ್ಟು ಅಂದರೆ ಏನೂ ಖರ್ಚಾಗದ ವಸ್ತು ಅಂತ ಯಾರೂ ನನಗೆ ಹೇಳಬೇಡಿ.

ಬೇಳದವ
ಸಹೋದರರೇ, ನಿಮ್ಮ ತಾಯಿಯ ವಿಷಯ ಓದಿ ಬೇಜಾರಾಯಿತು.

ಆದರೆ ದೀಕ್ಷಾಸ್ನಾನದ ವಿಷಯದಲ್ಲಿ ಒಂದು ಸಂಗತಿ. ಮದುವೆ ಕಾಗದಪತ್ರಕ್ಕೆ ಹುಡುಗನ ದೀಕ್ಷಾಸ್ನಾನದ ಸರ್ಟಿಫಿಕೇಟು ಬೇಕಿತ್ತು. ಅವರ ಅಯ್ಯನವರು ಕನ್ನಡದಲ್ಲೇ ಬರೆದುಕೊಟ್ಟಿದ್ದರು, ನೀಲಿ ಶಾಯಿ, ಕೆಳಗೆ ಸಭೆಯ ಮೊಹರು. ನಾನೇ ಹಿಡಿದುಕೊಂಡು ಹೋದೆ. ಇನ್ನೊಮ್ಮೆ ಸ್ನಾನ ಮಾಡಿಸಬೇಕು ಅಂದಾರು ಅಂತ ಹೊಟ್ಟೆಯಲ್ಲಿ ಪುಕುಪುಕು. ನಮ್ಮ ವಿಗಾರರು ಕನ್ನಡಕ ಹಣೆಗೇರಿಸಿ, ಕಾಗದ ಮೂಗಿನ ಹತ್ತಿರ ಹಿಡಿದು, ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ’ ಅನ್ನುವಲ್ಲಿಗೆ ಬೆರಳು ತಂದು ನಿಲ್ಲಿಸಿದರು. “ನೀರು ಹಾಕಿದ್ದಾರಲ್ಲ?” ಅಂದರು. ಹೌದು ಫಾದರ್ ಅಂದೆ. “ಹಾಗಾದರೆ ಆಯಿತು. ಇದನ್ನು ಎರಡು ಸಲ ಮಾಡಲಿಕ್ಕಿಲ್ಲ.” ಅಷ್ಟೇ. ನನಗೆ ಈ ಐವತ್ತೆರಡು ವರ್ಷದಲ್ಲಿ ಗೊತ್ತಿರಲಿಲ್ಲ, ಸಿಎಸ್‌ಐ ಅಯ್ಯನವರು ಹಾಕಿದ ನೀರನ್ನು ನಮ್ಮ ಇಗರ್ಜಿ ಲೆಕ್ಕಕ್ಕೆ ಹಿಡಿಯುತ್ತದೆ ಅಂತ.

ಚಂದ್ರಗಿರಿ ಟೀಚರ್
ಉಪ್ಪಳದವರೇ, ಸಿಟ್ಟಿಲ್ಲ. ಅಪೊಸ್ತಲರ ಕೃತ್ಯಗಳು 16ರಲ್ಲಿ ಸೆರೆಮನೆಯ ಯಜಮಾನ ‘ತನ್ನವರೆಲ್ಲರ ಸಂಗಡ’ ಸ್ನಾನ ಮಾಡಿಸಿಕೊಂಡ ಅಂತ ಉಂಟು. ಆ ಮನೆಯಲ್ಲಿ ತೊಟ್ಟಿಲು ಇತ್ತೋ ಇಲ್ಲವೋ ಅಂತ ನೀವೂ ನಾವೂ ಐನೂರು ವರ್ಷದಿಂದ ಇಣುಕಿ ನೋಡುತ್ತಿದ್ದೇವೆ.

ಎರಡು ಸಲ ಮಾಡಬಾರದು ಅನ್ನುವ ಜಗಳ ಇನ್ನೂ ಹಳೆಯದು. ಮೂರನೆಯ ಶತಮಾನದಲ್ಲಿ ರೋಮಿನ ಬಿಷಪ್ ಸ್ತೆಫಾನನಿಗೂ ಕಾರ್ಥೇಜಿನ ಬಿಷಪ್ ಸಿಪ್ರಿಯಾನನಿಗೂ ಇದೇ ವಿಷಯದಲ್ಲಿ ಹತ್ತಿಕೊಂಡಿತ್ತು. ಪಂಗಡ ಬಿಟ್ಟುಹೋದವರು ಕೊಟ್ಟ ಸ್ನಾನ ಊರ್ಜಿತವೋ ಅಲ್ಲವೋ ಅಂತ. ಸ್ನಾನ ಕೊಡುವವನು ಮನುಷ್ಯನಲ್ಲ, ಕ್ರಿಸ್ತನೇ ಅನ್ನುವ ಕಡೆಗೆ ಪಶ್ಚಿಮದ ಸಭೆ ವಾಲಿತು. ನಿಮ್ಮ ವಿಗಾರರ ಬೆರಳು ನಿಂತದ್ದು ಅಲ್ಲಿ.

ನೀರ್ಚಾಲಿನ ಅಡಿಕೆ
ಹೊರಗಿನವನು ಬಾಯಿ ಹಾಕಬಹುದಾ? ನಮ್ಮ ತೋಟದಿಂದ ಬೇಳದ ಇಗರ್ಜಿ ದೂರವಿಲ್ಲ, ಇಗರ್ಜಿಯ ಹಬ್ಬ ಸಾಂತ್‌ಮಾರಿಗೆ ಅಜ್ಜನ ಕೈ ಹಿಡಿದು ಹೋದವ ನಾನು. ನನಗೆ ಇಷ್ಟು ದಿನ ನೀವೆಲ್ಲ ಒಂದೇ. ಬೈಬಲ್ ಒಂದೇ ಅಲ್ವಾ, ಮತ್ತೆಂತ ಇಷ್ಟೊಂದು?

ಮಂಜೇಶ್ವರ ಲೋಕಲ್
ಭಟ್ರೇ, ಅಲ್ಲಿಯೂ ಉಂಟು. ಕಥೋಲಿಕರದ್ದು 73 ಪುಸ್ತಕ, ಪ್ರೊಟೆಸ್ಟಂಟರದ್ದು 66. ಕನ್ನಡದಲ್ಲಿ ದೇವರ ಹೆಸರೇ ಬೇರೆ: ಅಲ್ಲಿ ‘ಸರ್ವೇಶ್ವರ’, ಇಲ್ಲಿ ‘ಯೆಹೋವ’. ನೀವು ಭಸ್ಮ, ನಾಮ ಅಂತ ನೋಡಿ ಗುರುತಿಸಿದ ಹಾಗೆ ನಾವು ಬಾಯಿ ತೆರೆದ ಕೂಡಲೇ ಗುರುತಿಸುತ್ತೇವೆ.

ನೀರ್ಚಾಲಿನ ಅಡಿಕೆ
ಅದು ನನಗೆ ಅರ್ಥ ಆಗುವ ಭಾಷೆ 🙏

ರಾಜಪುರಂ ರಬ್ಬರ್
ಸುಳ್ಯದಲ್ಲಿ ಓದಿದವ, ಮನೆಮಾತು ಮಲಯಾಳ. ಕನ್ನಡ ತಪ್ಪಿದರೆ ತಿದ್ದಿ.

ನೀವು ಎರಡು ಸಭೆಗಳ ನಡುವೆ ಗೋಡೆ ಅಂತ ಹೇಳುತ್ತಿದ್ದೀರಿ. ನಮ್ಮಲ್ಲಿ ಒಂದೇ ಸಭೆಯ ಒಳಗೆ ಗೋಡೆ. ನಮ್ಮ ಅಜ್ಜಂದಿರು 1943ರಲ್ಲಿ ಕೋಟ್ಟಯಂ ಕಡೆಯಿಂದ ಬಂದು ರಾಜಪುರದ ಕಾಡು ಕಡಿದು ಕೂತವರು, ತಮ್ಮೊಳಗೇ ಮದುವೆ ಮಾಡಿಕೊಳ್ಳುವ ಕ್ನಾನಾಯ ಕಥೋಲಿಕರು. ಪೋಪ್ ಒಬ್ಬರೇ, ಕುರ್ಬಾನ (ಪೂಜೆ) ಒಂದೇ, ಪ್ರಮಾಣದಲ್ಲಿ ಅಕ್ಷರ ಆಚೀಚೆ ಇಲ್ಲ. ಆದರೂ ನಮ್ಮವ ಅದೇ ಸೀರೋ ಮಲಬಾರ್ ಸಭೆಯ, ಕ್ನಾನಾಯ ಅಲ್ಲದ ಪಕ್ಕದ ಇಡವಕದ (ಪ್ಯಾರಿಷಿನ) ಹುಡುಗಿಯನ್ನು ಮದುವೆಯಾಗಬೇಕಾದರೆ ನಮ್ಮ ಇಡವಕ ಬಿಟ್ಟುಹೋಗಬೇಕು ಅನ್ನುವುದು ನಡೆದುಬಂದ ಪದ್ಧತಿ. ಕೋರ್ಟಿಗೂ ಹೋಯಿತು. ನನ್ನ ತಮ್ಮ ಹಾಗೆ ಹೊರಗೆ ಹೋದವ. ತಿಥಿಗೆ ಬರುತ್ತಾನೆ, ಕೊನೆಯ ಬೆಂಚಿನಲ್ಲಿ ಕೂರುತ್ತಾನೆ.

ಇನ್ನು ಎರ್ನಾಕುಳಂನಲ್ಲಿ ಕುರ್ಬಾನದ ಹೊತ್ತಿಗೆ ಪಾದ್ರಿ ಜನರ ಕಡೆ ಮುಖ ಮಾಡಬೇಕಾ, ಬಲಿಪೀಠದ ಕಡೆಗಾ ಅಂತ ನಮ್ಮ ಬಿಷಪರ ಸಿನಡ್ 2021ರಲ್ಲಿ ಮಾಡಿದ ತೀರ್ಮಾನದ ನಂತರ ಆದ ಗಲಾಟೆ ಟಿವಿಯಲ್ಲಿ ನೋಡಿದ್ದೀರಿ. ನಂಬಿಕೆ ಒಂದೇ ಆದರೆ ಒಗ್ಗಟ್ಟು ತಾನಾಗಿ ಬರುತ್ತದೆ ಅನ್ನುವ ಲೆಕ್ಕ ನನಗೆ ತಾಳೆ ಆಗುವುದಿಲ್ಲ.

ಚಂದ್ರಗಿರಿ ಟೀಚರ್
ತಾಳೆ ಆಗದ ಲೆಕ್ಕ ಇನ್ನೊಂದು ಹೇಳುತ್ತೇನೆ. 1529ರಲ್ಲಿ ಮಾರ್ಬುರ್ಗ್‌ನಲ್ಲಿ ಲೂಥರ್ ಮತ್ತು ಇನ್ನೊಬ್ಬ ಸುಧಾರಕ ಜ್ವಿಂಗ್ಲಿ ಮಾತಿಗೆ ಕೂತರು. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಇಬ್ಬರೂ ಸೈ. ಹದಿನೈದನೆಯದು ಕರ್ತನ ಭೋಜನ. ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ‘ಇದು ನನ್ನ ದೇಹ’ ಅಂತ ಬರೆದುಕೊಂಡು ಅದರಿಂದ ಕದಲಲಿಲ್ಲ. ಆ ಒಂದರಲ್ಲಿ ಬೇರೆಯಾದರು. ನಾನು ತರಗತಿಯಲ್ಲಿ ಸೀಮೆಸುಣ್ಣ ಹಿಡಿದಾಗೆಲ್ಲ ಇದು ನೆನಪಾಗುತ್ತಿತ್ತು.

ಹೊಂದಿಕೊಂಡ ಕತೆಯೂ ಉಂಟು. 1919ರಲ್ಲಿ ತರಂಗಂಬಾಡಿಯಲ್ಲಿ ಸಭೆಗಳು ಒಂದಾಗುವ ಮಾತು ಶುರುವಾಯಿತು. ಅದರ ಹಿಂದೆ ನಿಂತವರು ಬಿಷಪ್ ವಿ.ಎಸ್. ಅಜರಾಯ. ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆ ಸೇರಿ ಸಿಎಸ್‌ಐ ಆದದ್ದು 1947ರ ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ. 28 ವರ್ಷ! ಅಜರಾಯ ಅಷ್ಟರಲ್ಲಿ ತೀರಿಹೋಗಿದ್ದರು. ನಮ್ಮ ಕಡೆಯ ಬಾಸೆಲ್ ಮಿಷನ್ ಸಭೆಗಳು ಆವತ್ತೇ ಸೇರಲೂ ಇಲ್ಲ, ಇನ್ನೂ ವರ್ಷಗಳು ಹಿಡಿದವು. ಅಷ್ಟು ದಿನ ಅವರು ಜಗಳಾಡಿದ್ದು ತ್ರಿಯೇಕ ದೇವರ ಬಗ್ಗೆ ಅಲ್ಲ. ಬಿಷಪರು ಬೇಕೋ ಬೇಡವೋ, ಯಾರು ಯಾರ ತಲೆ ಮೇಲೆ ಕೈ ಇಡಬೇಕು ಅನ್ನುವುದರ ಬಗ್ಗೆ.

ಉಪ್ಪಳದ ಸಹೋದರ
ಅದನ್ನೇ ನಾನು ಹೇಳುವುದು ಟೀಚರ್. ಸಂಸ್ಥೆಗಳನ್ನು ಸೇರಿಸಿದಿರಿ. ಜೀವಂತ ನಂಬಿಕೆಯ ಮಾತೇ ಇಲ್ಲ.

ಚಂದ್ರಗಿರಿ ಟೀಚರ್
ನಿಮ್ಮ ಪ್ರಾರ್ಥನಾ ಮಂಟಪದಿಂದ ಒಡೆದು ಆಚೆ ಬೀದಿಯಲ್ಲಿ ಇನ್ನೊಂದು ಮಂಟಪ ಆದದ್ದು ಯಾವ ನಂಬಿಕೆಯ ಮೇಲೆ?

ಉಪ್ಪಳದ ಸಹೋದರ
ಅದು ಬೇರೆ ವಿಷಯ.

ಮಂಜೇಶ್ವರ ಲೋಕಲ್
ಮೈಕ್ ಸೆಟ್ಟಿನ ವಿಷಯ ಅಂತ ಕೇಳಿದ್ದೇನೆ 🤐

ಬೇಳದವ
ಲೋಕಲ್, ಸಾಕು. ಸಹೋದರರು ತಮ್ಮ ತಾಯಿಯ ವಿಷಯ ಬಿಚ್ಚಿ ಹೇಳಿದ್ದಾರೆ, ಅಷ್ಟಾದರೂ ಮರ್ಯಾದೆ ಇರಲಿ. ನಮ್ಮಲ್ಲೇನು ಕಮ್ಮಿಯಾ? ಭಾನುವಾರದ ಪೂಜೆ ಕೊಂಕಣಿಯಲ್ಲೋ ಕನ್ನಡದಲ್ಲೋ ಮಲಯಾಳದಲ್ಲೋ ಅಂತ ಮಾತು ಬೆಳೆದು ವಾಳೆಯ (ಇಗರ್ಜಿ ವಾರ್ಡಿನ) ಮುಖಂಡ ಗುರ್ಕಾರರು ಮೀಟಿಂಗ್ ಬಿಟ್ಟು ಎದ್ದುಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವ ಊರು ಅಂತ ಹೇಳುವುದಿಲ್ಲ.

ಪೆರ್ಲದ ನರ್ಸ್
ಇಷ್ಟು ದಿನ ಓದುತ್ತಾ ಇದ್ದೆ, ಬರೆದಿರಲಿಲ್ಲ.

ನಾನು ಸ್ವಲ್ಪ ಕಾಲ ಎಣ್ಮಕಜೆ ಕಡೆ ಮನೆಮನೆಗೆ ಹೋಗುವ ಕೆಲಸದಲ್ಲಿದ್ದೆ. ಎಂಡೋಸಲ್ಫಾನ್ ಅನ್ನುವ ಕೀಟನಾಶಕದಿಂದ ಪೀಡಿತರಾದವರ ಮನೆಗಳು. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದದ್ದು 2000ದಲ್ಲಿ ನಿಂತಿತು, ದೇಶಕ್ಕೆ ನಿಷೇಧ ಬಂದದ್ದು 2011ರಲ್ಲಿ. ಸುರಿದದ್ದು ಮನೆಗಳ ಒಳಗೆ ಇನ್ನೂ ಮಲಗಿಕೊಂಡಿದೆ. ಅಲ್ಲಿ ಒಂದು ಜಾಗಕ್ಕೆ ಹೆಸರೇ ಸ್ವರ್ಗ. ಬಸ್ಸಿನ ಬೋರ್ಡಿನಲ್ಲಿ ‘ಸ್ವರ್ಗ’ ಅಂತ ಇರುತ್ತದೆ.

ಒಂದು ಜೀಪಿನಲ್ಲಿ ನಾವು ನಾಲ್ಕು ಜನ: ನಾನು ಕಥೋಲಿಕ, ಒಬ್ಬರು ಸಿಸ್ಟರ್, ಸಿಎಸ್‌ಐಯ ಒಬ್ಬ ಅಕ್ಕ, ಪೆಂತೆಕೋಸ್ತು ಸಭೆಯ ಒಬ್ಬ ಹುಡುಗ ಡ್ರೈವಿಂಗಿಗೆ. ದಾರಿಯುದ್ದ ಈಗ ನೀವು ಮಾಡುತ್ತಿರುವ ಇದೇ ಚರ್ಚೆ. ಮರಿಯಮ್ಮನವರ ವಿಷಯ ಬಂದರೆ ಆ ಹುಡುಗ ಗೇರ್ ಬದಲಿಸುವುದೇ ಬೇರೆ ಥರ.

ಒಂದು ಮನೆಯಲ್ಲಿ ಹುಡುಗಿ ಇದ್ದಳು. ಹದಿನೇಳು ವರ್ಷ, ಆದರೆ ಮೈ ನಾಲ್ಕು ವರ್ಷದ ಮಗುವಿನಷ್ಟು, ತಲೆ ಮಾತ್ರ ದೊಡ್ಡದು. ಚಾಪೆಯ ಮೇಲೆ ಒಂದೇ ಮಗ್ಗುಲು. ಬೆನ್ನಿನ ಹುಣ್ಣು ತೊಳೆದು ಮದ್ದು ಹಾಕುವಾಗ ಸಿಸ್ಟರ್ ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಅವಳು ತೀರಿಹೋದ ದಿನವೂ ನಾವು ಹೋದೆವು. ಅವರದು ಹಿಂದೂ ಮನೆ, ನಮ್ಮ ಪ್ರಾರ್ಥನೆ ಅಲ್ಲಿ ಮಾಡುವ ಹಾಗಿಲ್ಲ, ಮಾಡಲೂ ಇಲ್ಲ. ವಾಪಸು ಬರುವಾಗ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ. ಅಡ್ಕದ ತಿರುವಿನ ಹತ್ತಿರ ಸಿಎಸ್‌ಐ ಅಕ್ಕ ತಮ್ಮಷ್ಟಕ್ಕೇ ಪ್ರಮಾಣ ಹೇಳಲಿಕ್ಕೆ ಶುರು ಮಾಡಿದರು. ‘ಶರೀರದ ಪುನರುತ್ಥಾನ’ ಅನ್ನುವಲ್ಲಿ ಅವರಿಗೆ ಮುಂದೆ ಹೋಗಲಿಕ್ಕಾಗಲಿಲ್ಲ. ಮುಂದಿನ ಸಾಲನ್ನು ಹೇಳಿದ್ದು ಆ ಡ್ರೈವರ್ ಹುಡುಗ. ಪ್ರಮಾಣ ಬಾಯಿಪಾಠ ಮಾಡುವುದು ಬೇಡ ಅನ್ನುವ ಸಭೆಯ ಹುಡುಗ. ಅವನಿಗೆ ಅದು ಎಲ್ಲಿಂದ ಗೊತ್ತಿತ್ತೋ.

ಆತ್ಮಕ್ಕೆ ಶಾಂತಿ ಅಂತ ಯಾರು ಬೇಕಾದರೂ ಹೇಳುತ್ತಾರೆ. ಈ ಮೈ ಕೂಡ ಏಳುತ್ತದೆ, ಇದೇ ಮೈ, ಅಂತ ಹೇಳುವುದು ನಮ್ಮ ನಂಬಿಕೆ. ನನಗೆ ಪ್ರಮಾಣದ ಆ ಸಾಲು ಆವತ್ತಿನವರೆಗೆ ಸುಮ್ಮನೆ ಒಂದು ಸಾಲಾಗಿತ್ತು.

ಬೇಳದವರೇ, ನೀವು ‘ಸಭೆ’ಯ ಹಿಂದಿನ ಪದಕ್ಕೆ ತಲೆ ಕೆಡಿಸಿಕೊಂಡಿದ್ದೀರಿ. ಆಗಲಿ. ಪ್ರಮಾಣದ ಕೊನೆಯ ಎರಡು ಸಾಲನ್ನು ಮಾತ್ರ ಅವಸರದಲ್ಲಿ ಹೇಳಿ ಮುಗಿಸಬೇಡಿ.

ಉಪ್ಪಳದ ಸಹೋದರ
ಆ ಹುಡುಗನ ಹಾಗೆ ನನಗೂ ಗೊತ್ತುಂಟು ಸಿಸ್ಟರ್. ಚಿಕ್ಕಂದಿನಲ್ಲಿ ತಾಯಿ ಕಲಿಸಿದ್ದು. ಮರೆಯಲಿಕ್ಕೆ ಆಗುವುದಿಲ್ಲ.

ರಾಜಪುರಂ ರಬ್ಬರ್
🙏 ಜೀಪ್ ರಸ್ತೆಗಳು ನಮ್ಮ ಕಡೆಯೂ ಅಂಥವೇ.

ಚಂದ್ರಗಿರಿ ಟೀಚರ್
ನರ್ಸಮ್ಮ, ನಿಮ್ಮ ಮಾತಿನ ಮೇಲೆ ನಾನು ಹೇಳುವುದು ಏನೂ ಇಲ್ಲ.

ಬೇಳದವರಿಗೆ ಒಂದು ಉಪಯೋಗದ ವಿಷಯ ಮಾತ್ರ. ಹುಡುಗನ ಕಡೆಯವರಿಗೆ ‘ಮಕ್ಕಳನ್ನು ಕಥೋಲಿಕರಾಗಿ ಬೆಳೆಸುತ್ತೇನೆ ಅಂತ ನಾವು ರುಜು ಹಾಕಬೇಕಂತೆ’ ಎಂಬ ಹೆದರಿಕೆ ಇದ್ದೀತು. ನನ್ನ ಚಿಕ್ಕಮ್ಮನ ಕಾಲದಲ್ಲಿ ಹಾಗೆ ಇತ್ತು, ಅದಕ್ಕೇ ಆ ಮದುವೆ ಮುರಿಯಿತು. ಆರನೆಯ ಪೌಲ್ ಪೋಪರು 1970ರಲ್ಲಿ ಅದನ್ನು ಬದಲಿಸಿದರು. ಮಾತು ಕೊಡಬೇಕಾದ್ದು ಕಥೋಲಿಕ ಕಡೆಯವರು, ತನ್ನಿಂದ ಆದಷ್ಟು ಮಾಡುತ್ತೇನೆ ಅಂತ. ಇನ್ನೊಂದು ಕಡೆಯವರಿಗೆ ಅದನ್ನು ತಿಳಿಸಿದರೆ ಸಾಕು. ದೊಡ್ಡಪ್ಪನ ಸಿಟ್ಟು ನಿಜವಾಗಿ ‘ಕಥೋಲಿಕ’ ಪದದ ಮೇಲೆ ಇರಲಿಕ್ಕಿಲ್ಲ, ಇದರ ಮೇಲೆ ಇರಬಹುದು. ಒಮ್ಮೆ ಕೇಳಿ ನೋಡಿ.

ಬೇಳದವ
ಟೀಚರ್, ನಿಮ್ಮ ಕಾಲಿಗೆ ಬಿದ್ದೆ. ನಿನ್ನೆ ಪೇಟೆಗೆ ಹೋಗಿ ದೊಡ್ಡಪ್ಪನ ಹತ್ತಿರ ಕೂತು ಮಾತಾಡಿದೆ. ಅದೇ ಆಗಿತ್ತು ವಿಷಯ. ಯಾರೋ ಅವರ ತಲೆಗೆ ಹಳೆಯ ಲೆಕ್ಕ ತುಂಬಿಸಿದ್ದರು. ಅರ್ಧ ಗಂಟೆ ಆದಮೇಲೆ ಚಹಾ ಬಂತು. ಆದರೂ ‘ಕಥೋಲಿಕ’ಕ್ಕೆ ಇಲ್ಲ ಅಂದರೆ ಇಲ್ಲ! ಅಮ್ಮ ಇತ್ತ ‘ಸಾರ್ವತ್ರಿಕ’ ಅಂದರೆ ‘ಸಾರ್ವಜನಿಕ ಶೌಚಾಲಯದ ಹಾಗೆ ಕೇಳುತ್ತದೆ’ ಅಂದರು. ಎಂಬತ್ತೆರಡು ವರ್ಷದವರ ಹತ್ತಿರ ಯಾರು ವಾದ ಮಾಡುವುದು.

ಕೊನೆಗೆ ನಾನು ಆ ಜಾಗ ಖಾಲಿ ಬಿಟ್ಟು, ‘ಪವಿತ್ರ’ಕ್ಕೂ ‘ಸಭೆ’ಗೂ ನಡುವೆ ಒಂದು ಗೀಟು ಎಳೆದು ಪ್ರೆಸ್‌ಗೆ ಕೊಟ್ಟೆ. ಅವರವರ ಪದ ಅವರವರು ಹೇಳಿಕೊಳ್ಳಲಿ ಅಂತ.

ಮಂಜೇಶ್ವರ ಲೋಕಲ್
ಬಿಟ್ಟ ಸ್ಥಳ ತುಂಬಿರಿ. ಒಂದು ಅಂಕ.

ಬೇಳದವ
ಲೋಕಲ್, ನಿನ್ನ ನಾಲಗೆಯಲ್ಲಿ ಮಚ್ಚೆ ಉಂಟಾ? ಇವತ್ತು ಹಾಳೆ ತರಲಿಕ್ಕೆ ಹೋದೆ. 150 ಪ್ರತಿ ಕಟ್ಟಿ ಇಟ್ಟಿದ್ದಾರೆ. ಬಿಚ್ಚಿ ನೋಡಿದರೆ ಗೀಟೇ ಇಲ್ಲ. ಟೈಪ್ ಮಾಡಿದ ಹುಡುಗ, ಸೀತಾಂಗೋಳಿ ಕಡೆಯ ಮಾಪಿಳ್ಳೆ ಮುಸ್ಲಿಂ ಹುಡುಗ, ಹೇಳುತ್ತಾನೆ: “ಅಲ್ಲಿ ಒಂದು ಪದ ಬಿಟ್ಟುಹೋಗಿತ್ತು ಅಣ್ಣ. ಯಾವ ಸಭೆ ಅಂತ ಗೊತ್ತಾಗಬೇಕಲ್ಲ, ‘ಕ್ರೈಸ್ತ’ ಅಂತ ಹಾಕಿದೆ. ತಪ್ಪಾಯ್ತಾ?”

ಚಂದ್ರಗಿರಿ ಟೀಚರ್
ಅಯ್ಯೋ ದೇವರೇ. ಲೂಥರ್ ಹಾಕಿದ್ದು ಅದನ್ನೇ!

ನೀರ್ಚಾಲಿನ ಅಡಿಕೆ
ಆ ಹುಡುಗನಿಗೆ ಒಂದು ಊಟ ಹಾಕಿಸಿ.

ರಾಜಪುರಂ ರಬ್ಬರ್
ದೊಡ್ಡಪ್ಪ ಏನೆಂದರು?

ಬೇಳದವ
ಫೋಟೋ ಕಳಿಸಿದೆ. ಎರಡು ನೀಲಿ ಗೀಟು ಬಂತು, ಉತ್ತರ ಬರಲಿಲ್ಲ. ಅಮ್ಮ ಹಾಳೆ ತಿರುಗಿಸಿ ನೋಡಿ, “ನನಗೆ ಹಾಳೆ ಯಾಕೆ, ಬಾಯಿಗೆ ಬರುತ್ತದೆ” ಅಂದು ಒಳಗೆ ಹೋದರು. ತಮ್ಮದನ್ನೇ ಹೇಳುತ್ತಾರೆ ಅಂತ ಅರ್ಥ. ನನಗೆ ಇನ್ನು ಪುನಃ ಪ್ರಿಂಟ್ ಮಾಡಿಸಲಿಕ್ಕೆ ತ್ರಾಣ ಇಲ್ಲ.

ಶನಿವಾರ ಸಂಜೆ ಆರೂವರೆಗೆ. ಹತ್ತಿರ ಇದ್ದವರು ಬನ್ನಿ. ಟೀಚರ್, ನೀವು ಬರಲೇಬೇಕು, ರಿಕ್ಷಾ ಕಳಿಸುತ್ತೇನೆ. ನರ್ಸಮ್ಮ, ಆ ಎರಡು ಸಾಲು ನೀವೇ ಮುಂದೆ ನಿಂತು ಹೇಳಿಸಿದರೆ ಒಳ್ಳೆಯದು. ಉಪ್ಪಳದ ಸಹೋದರರೇ, ನಿಮಗೂ ಹೇಳಿಕೆ ಉಂಟು. ತೇರ್ಸ್ ಇಲ್ಲ, ಅಮ್ಮನನ್ನು ಒಪ್ಪಿಸಿದ್ದೇನೆ, ಅವರು ಅದನ್ನು ಐದು ಗಂಟೆಗೇ ಮುಗಿಸಿಕೊಳ್ಳುತ್ತಾರಂತೆ. ಊಟಕ್ಕೆ ಹಂದಿ ಮಾಡುವುದು. ನಿಮ್ಮ ಸಭೆಯಲ್ಲಿ ಹಂದಿ ಆಗುತ್ತದಾ?

ಉಪ್ಪಳದ ಸಹೋದರ
ಆಗುತ್ತದೆ. ಸಾನ್ನಾಂ ಉಂಟಾ?